ಹಡಗಿನಲ್ಲೇ ವಾಸ, ಹವಳದ ನಡುವೆ ಡೈವ್: ಓದುಗರ ಪ್ರಶ್ನೆ, ನಮ್ಮ ಉತ್ತರ

ದಡಕ್ಕೆ ಮರಳದೆ ಆರೇಳು ರಾತ್ರಿ ಹಡಗಿನಲ್ಲೇ ಉಂಡು, ಮಲಗಿ, ದಿನಕ್ಕೆ ಮೂರು ಸಲ ಸ್ಕೂಬಾ ಡೈವ್ ಮಾಡುವ ಪ್ರವಾಸಕ್ಕೆ ಲಿವ್‌ಅಬೋರ್ಡ್ ಎನ್ನುತ್ತಾರೆ. ಅದರ ಬಗ್ಗೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಹೆಚ್ಚಿನವರು ಕೇಳಿರುವುದು ಮಾಲ್ಡೀವ್ಸ್ ಬಗ್ಗೆ. ಕೆಲವರು ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಬಗ್ಗೆ. ಎಲ್ಲ ಉತ್ತರಗಳಲ್ಲೂ ಒಂದು ಮಾತು ಮರಳಿ ಬರುತ್ತದೆ: ಹಡಗಿನ ಪ್ರವಾಸದಲ್ಲಿ ಒಂದು ಡೈವ್‌ನ ಲೆಕ್ಕ ಆ ಡೈವ್‌ಗೇ ಮುಗಿಯುವುದಿಲ್ಲ. ಬೆಳಗ್ಗೆ ಮೈಗೆ ಸೇರಿದ ಸಾರಜನಕ, ನಿನ್ನೆಯ ನಿದ್ದೆಗೇಡು, ಮೊನ್ನೆ ನೊಂದ ಕಿವಿ, ಎಲ್ಲವೂ ಇವತ್ತಿನ ಬಾಬ್ತಿಗೆ ಜಮಾ ಆಗುತ್ತಾ ಹೋಗುತ್ತವೆ.

ನಾವು ನಾಲ್ವರು ಗೆಳೆಯರು ಓಪನ್ ವಾಟರ್ ಎಂಬ ಮೊದಲ ಹಂತದ ಕೋರ್ಸ್ ಮುಗಿಸಿದ್ದೇವೆ. ತಲಾ ಆರು ಡೈವ್ ಆಗಿವೆ. ಫೆಬ್ರುವರಿಯಲ್ಲಿ ಮಾಲ್ಡೀವ್ಸ್‌ಗೆ ಏಳು ರಾತ್ರಿಯ ಹಡಗು ಹಿಡಿಯಬೇಕೆಂದಿದ್ದೇವೆ. ಇಷ್ಟು ಅನುಭವ ಸಾಕೇ? (ಧಾರವಾಡ)

ಸರ್ಟಿಫಿಕೇಟ್ ದೃಷ್ಟಿಯಿಂದ ಕೆಲವು ಹಡಗುಗಳು ಹತ್ತಿಸಿಕೊಳ್ಳುತ್ತವೆ. ಆದರೆ ನಮ್ಮ ಸಲಹೆ, ಇನ್ನೊಂದು ಹಂಗಾಮು ತಡೆಯಿರಿ. ಕಾರಣ ಆಳವಲ್ಲ, ಸೆಳೆತ.

ಮಾಲ್ಡೀವ್ಸ್‌ನ ಹವಳದ್ವೀಪಗಳು ಉಂಗುರದಂತಿವೆ. ಉಂಗುರದ ಒಳಗಿನ ಕೊಳಕ್ಕೂ ಹೊರಗಿನ ಕಡಲಿಗೂ ನಡುವೆ ಇರುವ ಕಾಲುವೆಯಂಥ ಬಾಯಿಗಳನ್ನು ಅಲ್ಲಿ ‘ಕಂಡು’ ಎನ್ನುತ್ತಾರೆ. ನೀರೆಲ್ಲ ಒಳಹೊಕ್ಕು ಹೊರಬರುವುದು ಈ ಬಾಯಿಗಳಿಂದಲೇ. ಒಳಬರುವ ಸೆಳೆತವಿದ್ದಾಗ ಕಾಲುವೆಯ ಹೊರತುದಿಯಲ್ಲಿ ಶಾರ್ಕ್‌ಗಳು ಸೇರುತ್ತವೆ. ಅದನ್ನು ನೋಡಲೆಂದೇ ಹಡಗುಗಳು ಅಲ್ಲಿಗೆ ಹೋಗುತ್ತವೆ. ಅಂಥ ಕಡೆ ಮೇಲ್ಮೈಯಲ್ಲಿ ತೇಲುತ್ತಾ ಕಿವಿ ಸರಿಮಾಡಿಕೊಳ್ಳಲು ಪುರುಸೊತ್ತಿರುವುದಿಲ್ಲ. ತೇಲಲು ಗಾಳಿ ತುಂಬಿಕೊಳ್ಳುವ ಬಿಸಿಡಿ ಜಾಕೆಟ್‌ನ ಗಾಳಿ ಪೂರ್ತಿ ಖಾಲಿ ಮಾಡಿಕೊಂಡೇ ದೋಣಿಯಿಂದ ಧುಮುಕಿ, ಎಲ್ಲರೂ ಒಟ್ಟಿಗೆ 25 ಮೀಟರ್‌ವರೆಗೆ ಇಳಿದು, ಬಂಡೆಯಂಚಿಗೆ ಕೊಕ್ಕೆ ಸಿಕ್ಕಿಸಿ ನಿಲ್ಲಬೇಕು. ಒಬ್ಬರ ಕಿವಿ ತೆರೆಯದೆ ಅರ್ಧ ನಿಮಿಷ ತಡವಾದರೂ ಸಾಕು, ಸೆಳೆತ ಅವರನ್ನು ಗುಂಪಿನಿಂದ ದೂರ ಒಯ್ದಿರುತ್ತದೆ.

ಗಾಳಿಯ ಲೆಕ್ಕವನ್ನೂ ನೋಡಿ. 12 ಲೀಟರ್ ಟ್ಯಾಂಕ್, 200 ಬಾರ್ ಒತ್ತಡ (ಒಂದು ಬಾರ್ ಅಂದರೆ ಸುಮಾರು ಕಡಲಮಟ್ಟದ ಗಾಳಿಯ ಒತ್ತಡ). 50 ಬಾರ್ ಮೀಸಲು ಬಿಟ್ಟರೆ ಬಳಸಲು ಸಿಗುವುದು 12 × 150, ಅಂದರೆ 1800 ಲೀಟರ್. ಪಳಗಿದ ಡೈವರ್ ಮೇಲ್ಮೈಯಲ್ಲಿ ನಿಮಿಷಕ್ಕೆ 15 ಲೀಟರ್ ಸೇದಿದರೆ, ಹೊಸಬರು 25 ಲೀಟರ್ ಸೇದುವುದು ಸಾಮಾನ್ಯ. 20 ಮೀಟರ್ ಆಳದಲ್ಲಿ ಒತ್ತಡ ಮೂರು ಪಟ್ಟು, ಹಾಗಾಗಿ ಗಾಳಿಯ ಖರ್ಚೂ ಮೂರು ಪಟ್ಟು. ಪಳಗಿದವರಿಗೆ 40 ನಿಮಿಷ ಬರುವ ಟ್ಯಾಂಕ್ ನಿಮಗೆ 24 ನಿಮಿಷಕ್ಕೆ ಮುಗಿಯುತ್ತದೆ. ಸೆಳೆತಕ್ಕೆದುರಾಗಿ ಕಾಲು ಬಡಿದರಂತೂ ಇನ್ನೂ ಬೇಗ.

ಆದ್ದರಿಂದ ಮೊದಲು ಅಡ್ವಾನ್ಸ್‌ಡ್ ಕೋರ್ಸ್ ಮುಗಿಸಿ. ಅದರಲ್ಲಿ ಐದು ಡೈವ್ ಇರುತ್ತವೆ, ಆಳದ ಡೈವ್ ಮತ್ತು ದಿಕ್ಕು ಹಿಡಿಯುವ ಡೈವ್ ಕಡ್ಡಾಯ. ಓಪನ್ ವಾಟರ್‌ಗೆ 18 ಮೀಟರ್ ಮಿತಿ, ಅಡ್ವಾನ್ಸ್‌ಡ್‌ಗೆ 30. ಮಾಲ್ಡೀವ್ಸ್‌ನ ಕಾನೂನೂ ಪ್ರವಾಸಿ ಡೈವರ್‌ಗಳಿಗೆ 30 ಮೀಟರ್ ದಾಟಲು ಬಿಡುವುದಿಲ್ಲ. ಆಮೇಲೆ ನೇತ್ರಾಣಿಯಲ್ಲೋ ಅಂಡಮಾನಿನ ಸ್ವರಾಜ್ ದ್ವೀಪದಲ್ಲೋ ಒಟ್ಟು ಮೂವತ್ತು ಡೈವ್ ತುಂಬಿಸಿಕೊಳ್ಳಿ. ಸಿಗ್ನಲ್ ಬಲೂನನ್ನು ಐದು ಮೀಟರ್ ಆಳದಿಂದ ನೀವೇ ಮೇಲೆ ಬಿಡಲು ಬಂದರೆ ಹೊರಡಲು ತಯಾರಾದಂತೆ. ಗುಂಪಿನಿಂದ ತಪ್ಪಿಸಿಕೊಂಡವರನ್ನು ದೋಣಿಯವರು ಗುರುತಿಸುವುದು ಆ ಕಿತ್ತಳೆ ಬಲೂನಿನಿಂದಲೇ. ಅಲೆಗಳ ನಡುವೆ ಬರೀ ತಲೆ ನೂರು ಮೀಟರ್ ದೂರದಿಂದಲೂ ಕಾಣುವುದು ಕಷ್ಟ.

ತಿಂಗಳ ಆಯ್ಕೆ ಚೆನ್ನಾಗಿದೆ. ಜನವರಿಯಿಂದ ಏಪ್ರಿಲ್‌ವರೆಗೆ ಈಶಾನ್ಯ ಮಾರುತದ ಕಾಲ. ಸೆಳೆತ ಪೂರ್ವದಿಂದ ಪಶ್ಚಿಮಕ್ಕೆ ಹರಿಯುವುದರಿಂದ ಪೂರ್ವದ ಕಾಲುವೆಗಳಲ್ಲಿ ನೀರು ತಿಳಿಯಾಗಿರುತ್ತದೆ. ದ್ವೀಪಗಳ ಪಶ್ಚಿಮಕ್ಕೆ ಹೊರಬೀಳುವ ನೀರಿನಲ್ಲಿ ಪ್ಲಾಂಕ್ಟನ್ ಎಂಬ ಸೂಕ್ಷ್ಮ ಜಲಜೀವಿಗಳು ಹೆಚ್ಚು, ಅವನ್ನು ತಿನ್ನುವ, ರೆಕ್ಕೆಯಂಥ ಮೈಯ ದೊಡ್ಡ ಮೀನು ಮ್ಯಾಂಟಾಗಳು ಆ ಕಡೆ ಸಿಗುತ್ತವೆ. ಮುಂಗಾರಿನಲ್ಲಿ ಇದೆಲ್ಲ ತಿರುವುಮುರುವು. ಬಾ ದ್ವೀಪಸಮೂಹದ ಹನಿಫಾರು ಕೊಲ್ಲಿಯಲ್ಲಿ ನೂರಾರು ಮ್ಯಾಂಟಾ ಸೇರುವ ಚಿತ್ರ ನೋಡಿ ಕೇಳಿದವರಿಗೂ ಇಲ್ಲೇ ಉತ್ತರ: ಅದು ಮುಂಗಾರಿನ ನೋಟ, ಮತ್ತು ಅಲ್ಲಿ ಸ್ಕೂಬಾಗೆ ಅನುಮತಿ ಇಲ್ಲ, ಮೇಲ್ಮೈಯಲ್ಲಿ ತೇಲುತ್ತಾ ನೋಡುವ ಸ್ನಾರ್ಕೆಲ್ ಮಾತ್ರ.

ನಾನು ವರದಾ ಹೊಳ್ಯಾಗ ಈಜು ಕಲತಾಂವ. ಈ ದಂಡಿಯಿಂದ ಆ ದಂಡಿಗೆ ಆರಾಮ ಹೋಗಿ ಬರತೀನಿ. ಸಮುದ್ರದಾಗ ಡೈವ್ ಮಾಡಾಕ ಮತ್ತ ತರಬೇತಿ ಯಾಕ ಬೇಕ್ರಿ? (ಹಾವೇರಿ ತಾಲೂಕು)

ನಿಮ್ಮ ಹೊಳೆಯ ವಿದ್ಯೆ ಒಂದು ಕಡೆ ಬಹಳ ಉಪಯೋಗಕ್ಕೆ ಬರುತ್ತದೆ. ಸೆಳವಿಗೆ ಎದೆಗೊಟ್ಟು ಈಜಬಾರದು, ಓರೆಯಾಗಿ ದಾಟಬೇಕು ಎಂಬುದು ನಿಮಗೆ ಮೊದಲೇ ಗೊತ್ತು. ಪೇಟೆಯ ಈಜುಕೊಳದಲ್ಲಿ ಕಲಿತವರಿಗೆ ಇದನ್ನು ಹೇಳಿಕೊಡುವುದಕ್ಕೇ ಎರಡು ದಿನ ಬೇಕು.

ಆದರೆ ಒಂದು ಅಭ್ಯಾಸವನ್ನು ಪೂರ್ತಿ ಬಿಡಬೇಕು, ಅದು ಉಸಿರು ಕಟ್ಟುವುದು. ಹೊಳೆಯಲ್ಲಿ ಮುಳುಗುವಾಗ ಮೇಲೆ ಎಳೆದುಕೊಂಡ ಉಸಿರು ಕೆಳಗೆ ಕುಗ್ಗುತ್ತದೆ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ಅಪಾಯವಿಲ್ಲ. ಟ್ಯಾಂಕ್‌ನದ್ದು ಹಾಗಲ್ಲ. ಹತ್ತು ಮೀಟರ್ ಕೆಳಗೆ, ಬಾಯಲ್ಲಿ ಕಚ್ಚಿ ಉಸಿರಾಡುವ ಸಾಧನವಾದ ರೆಗ್ಯುಲೇಟರ್‌ನಿಂದ ಎದೆತುಂಬ ಎಳೆದ ಗಾಳಿ ಮೇಲ್ಮೈಗೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಬಾಯಿ ಮುಚ್ಚಿದ್ದರೆ ಶ್ವಾಸಕೋಶ ಹರಿದು, ಗಾಳಿಯ ಗುಳ್ಳೆ ರಕ್ತದ ಮೂಲಕ ಮಿದುಳಿಗೆ ಹೋಗಬಹುದು. ಈಜುಕೊಳದಷ್ಟು ಆಳದಿಂದಲೂ ಹೀಗಾಗಬಲ್ಲದು. ಅದಕ್ಕೇ ಮೊದಲ ಪಾಠವೇ ‘ಉಸಿರಾಟ ನಿಲ್ಲಿಸಬೇಡ’ ಎಂಬುದು. ರೆಗ್ಯುಲೇಟರ್ ಬಾಯಿಂದ ಜಾರಿದರೂ ಸಣ್ಣಗೆ ಗುಳ್ಳೆ ಬಿಡುತ್ತಲೇ ಇರಬೇಕು.

ಎರಡನೆಯದು, ಮುಳುಗಲು ಕಟ್ಟಿಕೊಳ್ಳುವ ಸೀಸದ ತೂಕ. ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು ಶೇ 2.5ರಷ್ಟು ಭಾರ. ಸಲಕರಣೆ ಸೇರಿ ನೂರು ಲೀಟರ್ ಜಾಗ ಹಿಡಿಯುವ ಆಳಿಗೆ ಈಜುಕೊಳದಲ್ಲಿ ಸರಿಹೋದ ತೂಕಕ್ಕಿಂತ ಎರಡೂವರೆ ಕೆಜಿ ಹೆಚ್ಚು ಬೇಕು. ಅಲ್ಯೂಮಿನಿಯಂ ಟ್ಯಾಂಕ್ ಬೇರೆ, ಗಾಳಿ ಖಾಲಿಯಾದಂತೆ ಹಗುರಾಗಿ ಮೇಲಕ್ಕೆಳೆಯುತ್ತದೆ. ಆದ್ದರಿಂದ ತೂಕ ನೋಡಬೇಕಾದದ್ದು ಡೈವ್‌ನ ಕೊನೆಗೆ, ಟ್ಯಾಂಕ್‌ನಲ್ಲಿ 50 ಬಾರ್ ಉಳಿದಾಗ. ಬಿಸಿಡಿಯ ಗಾಳಿ ಪೂರ್ತಿ ಬಿಡಿ, ಕಾಲಾಡಿಸದೆ ನೆಟ್ಟಗೆ ನಿಲ್ಲಿ, ಸಾಧಾರಣ ಉಸಿರು ಎಳೆದುಕೊಳ್ಳಿ. ನೀರಿನ ಮಟ್ಟ ಸರಿಯಾಗಿ ಕಣ್ಣಿನ ನೇರಕ್ಕೆ ಬಂದು ನಿಂತು, ಉಸಿರು ಬಿಟ್ಟಾಗ ತಲೆ ಮೆಲ್ಲಗೆ ಮುಳುಗಿದರೆ ತೂಕ ಸರಿ. ಗದ್ದ ಮೇಲೇ ಉಳಿದರೆ ಒಂದು ಕೆಜಿ ಸೇರಿಸಿ. ಉಸಿರು ತುಂಬಿದ್ದರೂ ಮುಳುಗುತ್ತಿದ್ದರೆ ಒಂದು ಕೆಜಿ ತೆಗೆಯಿರಿ. ಸಿಕ್ಕ ಸಂಖ್ಯೆಯನ್ನು, ತೊಟ್ಟಿದ್ದ ವೆಟ್‌ಸೂಟ್‌ನ ದಪ್ಪದ ಜೊತೆ, ಡೈವ್ ಪುಸ್ತಕದಲ್ಲಿ ಬರೆದಿಡಿ. ಹಡಗಿನಲ್ಲಿ ಮೊದಲ ದಿನ ಎಲ್ಲರೂ ಕೇಳುವ ಪ್ರಶ್ನೆ ಇದೇ.

ಭಾನುವಾರ ನೇತ್ರಾಣಿಯಲ್ಲಿ ಎರಡು ಡೈವ್ ಮುಗಿಸಿ, ಊಟ ಮಾಡಿ, ಮೂರು ಗಂಟೆಗೆ ಕಾರು ಹತ್ತಿದೆವು. ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ ದಾಟುವಾಗ ನನ್ನ ಎಡಗೈ ಜುಮ್ಮೆನ್ನತೊಡಗಿತು, ಮೊಣಕೈ ನೋವು ಬಂತು. ಎರಡು ದಿನದಲ್ಲಿ ಹೋಯಿತು. ಡೈವ್‌ಗೂ ಇದಕ್ಕೂ ಸಂಬಂಧವಿದೆಯೇ? ಬರುವ ತಿಂಗಳು ಹಡಗಿಗೆ ಹೋಗಬಹುದೇ? (ಹುಬ್ಬಳ್ಳಿ)

ಸಂಬಂಧ ಇರಬಹುದು. ಇದನ್ನು ಹಗುರಾಗಿ ತೆಗೆದುಕೊಳ್ಳಬೇಡಿ.

ಆಳದಲ್ಲಿ ಒತ್ತಡದ ಗಾಳಿ ಉಸಿರಾಡಿದಾಗ ಸಾರಜನಕ ರಕ್ತ, ಕೊಬ್ಬು, ಕೀಲುಗಳಲ್ಲಿ ಕರಗಿ ಕೂರುತ್ತದೆ. ಮೇಲೆ ಬಂದ ಮೇಲೂ ಅದು ಹೊರಹೋಗಲು ಗಂಟೆಗಟ್ಟಲೆ ಬೇಕು. ಅಷ್ಟರೊಳಗೆ ಹೊರಗಿನ ಒತ್ತಡ ಇನ್ನೂ ಇಳಿದರೆ, ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಆಗುವಂತೆ, ಗುಳ್ಳೆ ಕಟ್ಟುತ್ತದೆ. ವಿಮಾನ ಹತ್ತಬಾರದೆಂದು ಎಲ್ಲರಿಗೂ ಗೊತ್ತು. ಘಟ್ಟ ಹತ್ತುವುದೂ ಅದೇ ಎಂಬುದನ್ನು ಮರೆಯುತ್ತಾರೆ. ಮುರ್ಡೇಶ್ವರ ಕಡಲಮಟ್ಟದಲ್ಲಿದೆ. ಹುಬ್ಬಳ್ಳಿ 650 ಮೀಟರ್ ಆಸುಪಾಸು, ಧಾರವಾಡ ಸುಮಾರು 750 ಮೀಟರ್. ಡೈವರ್ಸ್ ಅಲರ್ಟ್ ನೆಟ್‌ವರ್ಕ್, ಅಂದರೆ ಡ್ಯಾನ್ ಸಂಸ್ಥೆಯ ವಿಮಾನಯಾನದ ಸೂಚನೆ ಅನ್ವಯಿಸುವುದು 2000 ಅಡಿಯಿಂದ, ಅಂದರೆ ಸುಮಾರು 600 ಮೀಟರ್ ಎತ್ತರದಿಂದ. ನಮ್ಮ ಅವಳಿ ನಗರ ಪೂರ್ತಿ ಆ ಗೆರೆಯ ಮೇಲಿದೆ. ಕರಾವಳಿಯವರಿಗೆ ಇಲ್ಲದ ಈ ತೊಡಕು ಬಯಲುಸೀಮೆಯ ನಮಗೆ ಪ್ರತಿ ಸಲವೂ ಇದೆ.

ಆ ಸೂಚನೆಯ ಪ್ರಕಾರ ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಡೈವ್ ಅಥವಾ ಹಲವು ದಿನದ ಡೈವ್ ಆದರೆ ಕನಿಷ್ಠ 18 ಗಂಟೆ ಕಾಯಬೇಕು. ನಿಮ್ಮದು ಎರಡು ಡೈವ್. ಆ ರಾತ್ರಿ ಮುರ್ಡೇಶ್ವರದಲ್ಲೋ ಹೊನ್ನಾವರದಲ್ಲೋ ತಂಗಿ, ಮರುದಿನ ಬೆಳಗಿನ ತಿಂಡಿ ಮುಗಿಸಿ ಘಟ್ಟ ಹತ್ತಬೇಕಿತ್ತು. ಸೋಮವಾರ ಒಂದು ರಜೆ ಹಾಕಿದರೆ ತೀರುವ ವಿಷಯ.

ಇಂಥ ಲಕ್ಷಣ ದಾರಿಯಲ್ಲಿ ಕಂಡರೆ ಮುಂದಕ್ಕೆ ಹತ್ತಬೇಡಿ. ಡೈವ್ ಕೇಂದ್ರಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಗೆ ಹೋಗಿ ‘ಡೈವ್ ಮಾಡಿದ್ದೇನೆ, ಶುದ್ಧ ಆಮ್ಲಜನಕ ಬೇಕು’ ಎಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅದು ವೈದ್ಯರಿಗೆ ತೋಚುವುದು ಕಷ್ಟ. ಮೈಕೈ ನೋವೆಂದು ಎಣ್ಣೆ ತಿಕ್ಕಿ, ಮಾತ್ರೆ ನುಂಗಿ ಮಲಗುವುದು ಬಹಳ ಜನ ಮಾಡುವ ತಪ್ಪು. ಭಾರದ ಟ್ಯಾಂಕ್ ಎತ್ತಿದ ಉಳುಕೂ ಇರಬಹುದು, ನಿಜ. ಅದನ್ನು ತೀರ್ಮಾನಿಸಬೇಕಾದವರು ಡೈವಿಂಗ್ ವೈದ್ಯಕೀಯ ತಿಳಿದ ವೈದ್ಯರು. ಅವರು ಬರೆದುಕೊಡುವವರೆಗೆ ಹಡಗಿನ ಹಣ ಕಟ್ಟಬೇಡಿ.

ಮಾಲ್ಡೀವ್ಸ್‌ನಿಂದ ಮರಳುವವರಿಗೂ ಇದೇ ಲೆಕ್ಕ. ಬಹುತೇಕ ಹಡಗುಗಳು ಕೊನೆಯ ಡೈವ್ ಮತ್ತು ವಿಮಾನದ ನಡುವೆ 24 ಗಂಟೆ ಬಿಡುತ್ತವೆ. ‘ಕೊನೆಯ ದಿನ ಒಂದೇ ಡೈವ್ ಕೊಟ್ಟರು’ ಎಂದು ಬೇಸರಿಸುವವರು ಇದನ್ನು ತಿಳಿಯಬೇಕು.

ನನಗೆ 52 ವರ್ಷ, ಬಿಪಿ ಮಾತ್ರೆ ತಗೊಳ್ಳುತ್ತೇನೆ. ಮಗ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಾನೆ. ಫಾರ್ಮ್‌ನಲ್ಲಿ ಬಿಪಿ ವಿಷಯ ಬರೆಯದಿದ್ದರಾಯಿತು ಅಂತ ಯಾರೋ ಹೇಳಿದರು. (ಗದಗ)

ಬರೆಯಲೇಬೇಕು ತಾಯಿ. ಆ ಫಾರ್ಮ್ ಇರುವುದು ನಿಮ್ಮನ್ನು ತಡೆಯಲಿಕ್ಕಲ್ಲ. ಹಿಡಿತದಲ್ಲಿರುವ ಬಿಪಿಯೊಂದಿಗೆ ಡೈವ್ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ವೈದ್ಯರು ಪರೀಕ್ಷಿಸಿ ಸಹಿ ಹಾಕಬೇಕು, ಅಷ್ಟೆ. ನಿಮ್ಮ ವಯಸ್ಸಿಗೆ ಇಸಿಜಿ, ಅಗತ್ಯ ಕಂಡರೆ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಬಹುದು. ಯಾವ ಮಾತ್ರೆ ಎಂಬುದನ್ನೂ ಕೇಳಿ. ನೀರಿನಂಶ ಹೊರಹಾಕುವ ಮಾತ್ರೆಯಾದರೆ ಬಿಸಿಲು, ಉಪ್ಪುಗಾಳಿ, ದಿನಕ್ಕೆ ಮೂರು ಡೈವ್ ಸೇರಿ ಮೈ ಒಣಗುತ್ತದೆ. ಕೆಲವು ಮಾತ್ರೆಗಳು ಶ್ರಮವಾದಾಗ ಹೃದಯದ ಬಡಿತ ಏರಲು ಬಿಡುವುದಿಲ್ಲ. ಮಾತ್ರೆಯನ್ನು ಬದಲಿಸುವುದಿದ್ದರೆ ಪ್ರವಾಸಕ್ಕೆ ಎರಡು ಮೂರು ತಿಂಗಳು ಮೊದಲೇ ಆಗಲಿ, ನೀವಾಗಿಯೇ ನಿಲ್ಲಿಸುವುದಂತೂ ಬೇಡ. ಹಡಗಿನಲ್ಲಿ ದಿನಕ್ಕೆ ಒಂದು ಡೈವ್ ಬಿಟ್ಟರೆ ಯಾರೂ ಏನೂ ಅನ್ನುವುದಿಲ್ಲ. ಎಷ್ಟೋ ಸಲ ಅದೇ ಸರಿಯಾದ ಆಯ್ಕೆ.

ಕಿವಿ ನೋವು ಬಂದರೆ ಏನು ಮಾಡಬೇಕು? (ರಾಣೆಬೆನ್ನೂರು)

ನೋವು ಬರುವವರೆಗೆ ಕಾಯಬಾರದು. ಮೇಲ್ಮೈಯಿಂದ ಹತ್ತು ಮೀಟರ್‌ವರೆಗೆ ಒತ್ತಡ ಎರಡರಷ್ಟಾಗುತ್ತದೆ. ಅಲ್ಲಿಂದ ಮುಂದೆ ಅಷ್ಟೇ ಬದಲಾವಣೆಗೆ ಇನ್ನೂ ಇಪ್ಪತ್ತು ಮೀಟರ್ ಇಳಿಯಬೇಕು. ಹಾಗಾಗಿ ಕಿವಿಗೆ ಪೆಟ್ಟು ಬೀಳುವುದು ಮೊದಲ ನಾಲ್ಕೈದು ಮೀಟರ್‌ಗಳಲ್ಲೇ. ಮೂಗು ಹಿಡಿದು ಮೆಲ್ಲಗೆ ಊದುವುದನ್ನು ನೀರಿಗಿಳಿಯುವ ಮೊದಲೇ ಒಮ್ಮೆ, ಆಮೇಲೆ ಪ್ರತಿ ಅರ್ಧ ಮೀಟರ್‌ಗೊಮ್ಮೆ ಮಾಡಿ. ಕಾಲು ಕೆಳಗೆ, ತಲೆ ಮೇಲೆ. ತೆರೆಯದಿದ್ದರೆ ಒಂದು ಮೀಟರ್ ಮೇಲೇರಿ ಮತ್ತೆ ಯತ್ನಿಸಿ. ಜೋರಾಗಿ ಊದಿದರೆ ಒಳಗಿವಿಗೇ ಗಾಯವಾಗಬಹುದು. ನೆಗಡಿ ಇದ್ದಾಗ ಮೂಗು ಬಿಡಿಸುವ ಔಷಧ ಹಾಕಿಕೊಂಡು ಇಳಿಯಬೇಡಿ. ಅದರ ಪ್ರಭಾವ ಕೆಳಗಿದ್ದಾಗಲೇ ಮುಗಿದರೆ ಒಳಗೆ ಸಿಕ್ಕಿದ ಗಾಳಿ ಮೇಲೆ ಬರುವಾಗ ಹೊರಹೋಗದೆ ಒತ್ತುತ್ತದೆ.

ಹಡಗಿನಲ್ಲಿ ಮೂರನೆಯ ನಾಲ್ಕನೆಯ ದಿನ ಕಾಡುವುದು ಬೇರೆ ತೊಂದರೆ, ಹೊರಗಿವಿಯ ಸೋಂಕು. ಪ್ರತಿ ಡೈವ್ ಆದ ಮೇಲೆ ಸಿಹಿನೀರಿನಿಂದ ಕಿವಿ ತೊಳೆದು, ತಲೆ ವಾಲಿಸಿ ನೀರು ಬಸಿದು, ಟವೆಲ್‌ನಿಂದ ಒತ್ತಿ ಒಣಗಿಸಿ. ಬಡ್ಸ್, ಪಿನ್ನು, ಬೆಂಕಿಕಡ್ಡಿ ಯಾವುದನ್ನೂ ತೂರಿಸಬೇಡಿ.

ನೈಟ್ರಾಕ್ಸ್‌ಗೆ ಹೆಚ್ಚಿನ ಹಣ ಕೊಡುವುದು ಸಾರ್ಥಕವೇ? (ಹುಬ್ಬಳ್ಳಿ)

ಒಂದೆರಡು ಡೈವ್‌ಗೆ ಬೇಡ, ಹಡಗಿನ ವಾರಕ್ಕೆ ಖಂಡಿತ ಸಾರ್ಥಕ. ನೈಟ್ರಾಕ್ಸ್ ಅಂದರೆ ಆಮ್ಲಜನಕ ಹೆಚ್ಚಿಸಿದ ಟ್ಯಾಂಕ್ ಗಾಳಿ. ಸಾಮಾನ್ಯ ಗಾಳಿಯಲ್ಲಿ ಶೇ 21 ಆಮ್ಲಜನಕವಿದ್ದರೆ ಇದರಲ್ಲಿ ಶೇ 32. ಸಾರಜನಕ ಅಷ್ಟು ಕಡಿಮೆ. 18 ಮೀಟರ್‌ನಲ್ಲಿದ್ದರೂ ಮೈಗೆ ಸೇರುವ ಸಾರಜನಕ 14 ಮೀಟರ್ ಆಳದಲ್ಲಿ ಗಾಳಿ ಸೇದಿದಷ್ಟೇ. ದಿನ ಕಳೆದಂತೆ ಜಮಾ ಆಗುವ ಮೊತ್ತ ಇಳಿಯುತ್ತದೆ. ಆದರೆ ಇದು ಇನ್ನೂ ಆಳಕ್ಕೆ ಹೋಗುವ ಪರವಾನಗಿಯಲ್ಲ. ಶೇ 32ರ ಮಿಶ್ರಣಕ್ಕೆ 33 ಮೀಟರ್ ಮಿತಿ. ಅದನ್ನು ದಾಟಿದರೆ ಆಮ್ಲಜನಕವೇ ವಿಷವಾಗಿ, ಮುನ್ಸೂಚನೆ ಕೊಡದೆ ಫಿಟ್ಸ್ ಬರಿಸಬಹುದು. ನೀರಿನೊಳಗೆ ಫಿಟ್ಸ್ ಬಂದರೆ ಬದುಕುವುದು ಕಷ್ಟ. ಟ್ಯಾಂಕ್‌ನ ಮಿಶ್ರಣವನ್ನು ಪ್ರತಿ ಸಲ ನೀವೇ ಅಳೆದು, ಪಟ್ಟಿಯಲ್ಲಿ ಬರೆದು, ಕೈಗೆ ಕಟ್ಟುವ ಡೈವ್ ಕಂಪ್ಯೂಟರ್‌ನಲ್ಲಿ ಅದೇ ಸಂಖ್ಯೆ ಇಡಿ. ಪಕ್ಕದವರ ಟ್ಯಾಂಕ್ ನೋಡಿ ನಕಲು ಮಾಡಬೇಡಿ.

ಹಡಗು ಸುರಕ್ಷಿತವೋ ಅಲ್ಲವೋ ಎಂದು ಇಲ್ಲಿ ಕುಳಿತು ತಿಳಿಯುವುದು ಹೇಗೆ? (ಗದಗ-ಬೆಟಗೇರಿ)

ಹಣ ಕಟ್ಟುವ ಮೊದಲು ಇ-ಮೇಲ್‌ನಲ್ಲಿ ಕೇಳಿ, ಉತ್ತರವೂ ಲಿಖಿತವಾಗಿಯೇ ಬರಲಿ. ಕೆಳ ಅಂತಸ್ತಿನ ಕೋಣೆಗಳಿಂದ ಎರಡು ಬೇರೆ ಬೇರೆ ಕಡೆಗೆ ಹೊರಬರುವ ದಾರಿ ಇದೆಯೇ? ರಾತ್ರಿಯಿಡೀ ಎಚ್ಚರವಾಗಿದ್ದು ಸುತ್ತಾಡಿ ನೋಡುವ ಕಾವಲಿನವರು ಇದ್ದಾರೆಯೇ? ಹೊಗೆ ಪತ್ತೆಯ ಅಲಾರಂ ಪ್ರತಿ ಕೋಣೆಯಲ್ಲಿದೆಯೇ? ಬ್ಯಾಟರಿ ಚಾರ್ಜ್ ಮಾಡುವುದು ಎಲ್ಲಿ? ತುರ್ತಿಗೆಂದು ಇಟ್ಟ ಆಮ್ಲಜನಕ ಎಷ್ಟು ಗಂಟೆಗೆ ಸಾಕಾಗುವಷ್ಟಿದೆ?

ಈ ಪ್ರಶ್ನೆಗಳ ಹಿಂದೆ ಒಂದು ದುರಂತವಿದೆ. 2019ರ ಸೆಪ್ಟೆಂಬರ್ 2ರ ನಸುಕಿನಲ್ಲಿ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ‘ಕನ್ಸೆಪ್ಶನ್’ ಎಂಬ ಡೈವ್ ಹಡಗಿಗೆ ಬೆಂಕಿ ಬಿದ್ದು, ಕೆಳಗೆ ಮಲಗಿದ್ದ 34 ಜನರೂ ತೀರಿಕೊಂಡರು. ಹೊರಬರಲು ಎರಡು ದಾರಿಗಳಿದ್ದವು, ಆದರೆ ಎರಡೂ ತೆರೆದುಕೊಳ್ಳುತ್ತಿದ್ದುದು ಉರಿಯುತ್ತಿದ್ದ ಒಂದೇ ಕೋಣೆಗೆ. ರಾತ್ರಿ ಕಾವಲು ಇರಲಿಲ್ಲ. ಹಡಗು ಹತ್ತಿದ ಮೊದಲ ಸಂಜೆ, ದೀಪ ಆರಿಸಿ, ಗೋಡೆ ತಡವುತ್ತಾ ನಿಮ್ಮ ಹಾಸಿಗೆಯಿಂದ ಎರಡೂ ದಾರಿಗಳಲ್ಲಿ ಡೆಕ್‌ವರೆಗೆ ಒಮ್ಮೆ ನಡೆದು ನೋಡಿ. ಐದು ನಿಮಿಷದ ಕೆಲಸ. ಮಲಗುವ ಕೋಣೆಯಲ್ಲಿ ಮೊಬೈಲ್, ಟಾರ್ಚ್, ಕ್ಯಾಮೆರಾ ಯಾವುದನ್ನೂ ಚಾರ್ಜ್‌ಗೆ ಹಾಕಿ ನಿದ್ದೆ ಹೋಗಬೇಡಿ.

ಕನ್ನಡಕ ಇದೆ, ಮೀಸೆಯೂ ಇದೆ. ಮಾಸ್ಕ್‌ನೊಳಗೆ ನೀರು ಬರುತ್ತದೆ, ಮಂಜು ಕಟ್ಟುತ್ತದೆ. (ಧಾರವಾಡ)

ನಂಬರ್ ಇರುವ ಗಾಜಿನ ಮಾಸ್ಕ್ ಸಿಗುತ್ತದೆ, ಕೊಳ್ಳಿ. ಮೀಸೆ ಪೂರ್ತಿ ತೆಗೆಯಬೇಕಿಲ್ಲ. ಮೂಗಿನ ಕೆಳಗೆ ಮಾಸ್ಕ್‌ನ ಅಂಚು ಕೂರುವಲ್ಲಿ ಅರ್ಧ ಸೆಂಟಿಮೀಟರ್ ಪಟ್ಟಿ ನುಣ್ಣಗೆ ಮಾಡಿದರೆ ಸಾಕು. ಹೊಸ ಗಾಜಿಗೆ ಕಾರ್ಖಾನೆಯಿಂದ ಅಂಟಿದ ಸಿಲಿಕೋನ್ ಪೊರೆ ಇರುತ್ತದೆ, ಮಂಜು ಕಟ್ಟುವುದು ಅದರಿಂದ. ಬಿಳಿ ಟೂತ್‌ಪೇಸ್ಟನ್ನು ಬೆರಳಿನಿಂದ ಒಳಗಾಜಿಗೆ ಉಜ್ಜಿ ತೊಳೆಯಿರಿ, ಮೂರು ನಾಲ್ಕು ಸಲ. ಜೆಲ್ ಪೇಸ್ಟ್ ನಡೆಯುವುದಿಲ್ಲ.

ನೆನಪಿಗೆ ಸಣ್ಣದೊಂದು ಸತ್ತ ಹವಳದ ತುಂಡು ತರಬಹುದೇ? ಸರಾಫರ ಅಂಗಡಿಯಲ್ಲಿ ಹವಳ ಮಾರುತ್ತಾರಲ್ಲ? (ಬ್ಯಾಡಗಿ)

ಬೇಡ. ಸರಾಫರ ಕೆಂಪು ಹವಳದ ಜಾತಿಯೇ ಬೇರೆ. ಮೆಡಿಟರೇನಿಯನ್, ಜಪಾನ್ ಕಡೆಯ ಕಡಲಲ್ಲಿ ಬೆಳೆಯುವ ಅದು ದಿಬ್ಬ ಕಟ್ಟುವುದಿಲ್ಲ. ನೀವು ನೋಡಲು ಹೋಗುವುದು ದಿಬ್ಬ ಕಟ್ಟುವ ಹವಳ. ಅದನ್ನು ಮಾಲ್ಡೀವ್ಸ್‌ನಿಂದ ಹೊರತರುವುದು ಅಪರಾಧ, ನಮ್ಮಲ್ಲೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕಿದೆ.

ಹತ್ತಿರದಿಂದ ನೋಡಿ: ಬಂಡೆಯಂತೆ ಕಾಣುವುದರ ಮೇಲೆಲ್ಲ ಸಾಸಿವೆ ಕಾಳಿನಷ್ಟು ಬಾಯಿಗಳು, ಸುತ್ತ ಕೂದಲೆಳೆಯಂಥ ತೋಳುಗಳು. ಅದರ ಬಣ್ಣ, ಅದರ ಊಟದ ಬಹುಪಾಲು, ಎರಡೂ ಒಳಗೆ ವಾಸಿಸುವ ಸೂಕ್ಷ್ಮ ಪಾಚಿಯದ್ದು. ನೀರು ವಾರಗಟ್ಟಲೆ ಬಿಸಿಯಾದರೆ ಪಾಚಿ ಹೊರಬಿದ್ದು ಹವಳ ಬೆಳ್ಳಗಾಗುತ್ತದೆ. 1998ರಲ್ಲಿ, 2016ರಲ್ಲಿ ಮಾಲ್ಡೀವ್ಸ್ ಇದನ್ನು ಅನುಭವಿಸಿದೆ. ದುಂಡಗಿನ ಗಟ್ಟಿ ಹವಳ ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್. ಕಾಲಿಗೆ ತೊಡುವ ಒಂದು ಫಿನ್‌ನ ಏಟಿಗೆ ಮುರಿಯುವ ಅಂಗೈಯಷ್ಟು ತುಂಡು ಹತ್ತು ವರ್ಷದ್ದಿರಬಹುದು. ಹಾಗಾಗಿ ಕೊಕ್ಕೆ ಹಾಕುವುದಿದ್ದರೂ ಬರಿಬಂಡೆಗೆ ಮಾತ್ರ. ಒತ್ತಡ ತೋರಿಸುವ ಗೇಜ್‌ನ ಕೊಳವೆ ಜೋತು ಬೀಳದಂತೆ ಎದೆಗೆ ಕ್ಲಿಪ್ ಮಾಡಿ. ಕಾಲನ್ನು ಮೇಲೆ ಕೆಳಗೆ ಬಡಿಯದೆ, ಕಪ್ಪೆಯಂತೆ ಪಕ್ಕಕ್ಕೆ ತಳ್ಳಿ. ದೇಹ ಅಡ್ಡಡ್ಡವಾಗಿ ನಿಲ್ಲದವರು ಕ್ಯಾಮೆರಾ ಒಯ್ಯುವುದು ಬೇಡ. ಹವಳ ಮುರಿಯುವುದು ಹೆಚ್ಚಾಗಿ ಚಿತ್ರ ತೆಗೆಯುವ ಗಡಿಬಿಡಿಯಲ್ಲೇ.

ಬಂದ ಮೇಲೆ ಸಲಕರಣೆ ತೊಳೆಯುವುದು ಹೇಗೆ? ನಮ್ಮದು ಬೋರ್‌ವೆಲ್ ನೀರು, ಬಹಳ ಗಡಸು. (ರೋಣ)

ಕೊನೆಯ ದಿನ ಹಡಗಿನ ಸಿಹಿನೀರಿನ ತೊಟ್ಟಿಯಲ್ಲೇ ಅರ್ಧ ಗಂಟೆ ನೆನೆಸಿ. ಮನೆಯಲ್ಲಿ ಮತ್ತೊಮ್ಮೆ ತೊಳೆಯಲು ಬೋರ್ ನೀರು ನಡೆಯುತ್ತದೆ, ಆದರೆ ಕೊನೆಯ ಸಲ ಜಾಲಾಡಿಸುವುದಕ್ಕೆ ಮಳೆನೀರೋ ಫಿಲ್ಟರ್ ನೀರೋ ಒಂದು ಬಕೆಟ್ ಇರಲಿ. ಗಡಸು ನೀರು ಹಾಗೇ ಒಣಗಿದರೆ ಗುಂಡಿಗಳ ಸಂದಿಯಲ್ಲಿ ಸುಣ್ಣ ಕಟ್ಟುತ್ತದೆ. ರೆಗ್ಯುಲೇಟರ್‌ನ ಧೂಳುಮುಚ್ಚಳವನ್ನು ಒಣಗಿಸಿ, ಬಿಗಿ ಮಾಡಿದ ಮೇಲಷ್ಟೇ ನೀರಿಗಿಳಿಸಿ. ನೀರಿನಲ್ಲಿರುವಾಗ ಗಾಳಿ ಹೊರಬಿಡುವ ಪರ್ಜ್ ಗುಂಡಿ ಒತ್ತಬೇಡಿ, ಒತ್ತಿದರೆ ನೀರು ಕೊಳವೆಯ ಮೂಲಕ ಒಳಭಾಗಕ್ಕೆ ಹೋಗುತ್ತದೆ. ಬಿಸಿಡಿಯೊಳಗೂ ಒಂದು ಲೀಟರ್ ನೀರು ಹುಯ್ದು, ಅಲುಗಿಸಿ, ತಲೆಕೆಳಗು ಮಾಡಿ ಬಸಿಯಿರಿ. ಒಣಗಿಸುವುದು ನೆರಳಿನಲ್ಲಿ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಮಾಳಿಗೆಯ ಮೇಲೆ ಹಾಕಿದರೆ ರಬ್ಬರ್ ಒಂದೇ ಬೇಸಿಗೆಗೆ ಬಿರಿಯುತ್ತದೆ.